ಹಿಂದಿನ ಬೆಂಚಿನಲ್ಲಿ ಕೂರುವವರು ಯಾರು?

2020ರ ಜೂನ್ ತಿಂಗಳು. ನನ್ನ ತಂಗಿಯ ಮಗಳು ಲಾಕ್‌ಡೌನಿನ ಕಾರಣದಿಂದ ನಮ್ಮ ಮನೆಯಲ್ಲೇ ಉಳಿದುಕೊಂಡಿದ್ದಳು. ಅವಳು ಸರ್ಕಾರಿ ಪ್ರಥಮ ದರ್ಜೆ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಸಹಾಯಕ ಪ್ರಾಧ್ಯಾಪಕಿ. ಎರಡು ವಾರಗಳ ಕಾಲ ನಮ್ಮ ಊಟದ ಮೇಜೇ ಅವಳ ವಿಶ್ವವಿದ್ಯಾನಿಲಯವಾಗಿತ್ತು. ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ತೆರೆದು ಕುಳಿತರೆ ಸಂಜೆಯವರೆಗೂ ಬೋಧನೆಯಲ್ಲಿ ತಂತ್ರಜ್ಞಾನದ ಬಳಕೆಯನ್ನು ಕುರಿತ ಪುನಶ್ಚೇತನ ಕಾರ್ಯಕ್ರಮ. ನಾನು ಪಕ್ಕದಲ್ಲಿ ಹುರುಳಿಕಾಯಿ ಬಿಡಿಸುತ್ತಾ ಅದರ ಅರ್ಧ ಭಾಗವನ್ನು ಕೇಳಿಸಿಕೊಂಡೆ. ಅಧ್ಯಾಪಕ ವೃತ್ತಿಯ ಚಟ, ಯಾರು ಪಾಠ ಮಾಡುತ್ತಿದ್ದರೂ ಕಿವಿ ಅತ್ತಲೇ ಹೋಗುತ್ತದೆ.

ಒಂದು ದಿನ ಗೂಗಲ್ ಕ್ಲಾಸ್‌ರೂಮ್, ಮರುದಿನ ಮೂಡಲ್, ಆಮೇಲೆ ಗೂಗಲ್ ಫಾರ್ಮಿನಲ್ಲಿ ಪ್ರಶ್ನೆಪತ್ರಿಕೆ ತಯಾರಿಸುವುದು, ಪರದೆಯ ಮೇಲಿನದನ್ನು ಹಾಗೆಯೇ ಚಿತ್ರೀಕರಿಸಿ ಯೂಟ್ಯೂಬಿಗೆ ಏರಿಸುವುದು. ಸಂಪನ್ಮೂಲ ವ್ಯಕ್ತಿಗಳು ಪಾಪ, ಶ್ರದ್ಧೆಯಿಂದಲೇ ಹೇಳುತ್ತಿದ್ದರು. ಇಲ್ಲಿ ಒತ್ತಿರಿ, ಅಲ್ಲಿ ಸೇರಿಸಿರಿ, ಲಿಂಕ್ ಕಳುಹಿಸಿರಿ. ಕೊನೆಯ ದಿನ ಬಹು ಆಯ್ಕೆಯ ಪರೀಕ್ಷೆ, ಅದೇ ಸಂಜೆ ಇ-ಮೇಲಿನಲ್ಲಿ ಬಣ್ಣದ ಪ್ರಮಾಣಪತ್ರ. ಆ ವರ್ಷ ಇಂಥ ಪ್ರಮಾಣಪತ್ರಗಳ ಮಳೆಯೇ ಸುರಿಯಿತೆಂಬುದು ನಿಮ್ಮಲ್ಲಿ ಅಧ್ಯಾಪಕರಾಗಿರುವವರಿಗೆಲ್ಲ ನೆನಪಿರಬಹುದು.

ಪ್ರಮಾಣಪತ್ರ ಬಂದ ರಾತ್ರಿ ಅವಳು ಕೇಳಿದಳು: "ದೊಡ್ಡಮ್ಮ, ಪ್ರಶ್ನೆ ಕೇಳೋದು ಹೇಗೆ ಅಂತ ನಿಮಗೆ ಬಿ.ಎಡ್.ನಲ್ಲಿ ನಿಜವಾಗ್ಲೂ ಹೇಳಿಕೊಟ್ಟಿದ್ರಾ?"

ಹೌದೆಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಒಂಬತ್ತು ವರ್ಷದಿಂದ ಪಾಠ ಮಾಡ್ತಿದೀನಿ. ಇವತ್ತಿನ ತನಕ ಯಾರೂ ನನ್ನ ಕ್ಲಾಸಿನಲ್ಲಿ ಬಂದು ಕೂತಿಲ್ಲ" ಎಂದಳು.

ಆ ಮಾತು ನನ್ನನ್ನು ಬಿಡಲಿಲ್ಲ. ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡಲು ಬಿ.ಎಡ್. ಕಡ್ಡಾಯ. ಪದವಿ ತರಗತಿಗೆ ಪಾಠ ಹೇಳಲು ಸ್ನಾತಕೋತ್ತರ ಪದವಿ, ಅದರ ಜೊತೆಗೆ ನೆಟ್ ಅಥವಾ ಪಿಎಚ್.ಡಿ. ಇದ್ದರೆ ಸಾಕು. ನೆಟ್ ಪರೀಕ್ಷೆಯ ಮೊದಲ ಪತ್ರಿಕೆಯಲ್ಲಿ ಬೋಧನಾ ಸಾಮರ್ಥ್ಯದ ಭಾಗವೊಂದಿದೆ, ನಿಜ. ಆದರೆ ಬೋಧನೆಯ ಸಾಮರ್ಥ್ಯವನ್ನು ನಾಲ್ಕು ಉತ್ತರಗಳಲ್ಲಿ ಒಂದನ್ನು ಆರಿಸಿ ತೋರಿಸುವುದು, ಈಜನ್ನು ದಡದಲ್ಲಿ ನಿಂತು ಪರೀಕ್ಷಿಸಿದಂತೆ. ಹೀಗಾಗಿ ಕಾಲೇಜಿನ ಅಧ್ಯಾಪಕರ ಜೀವನದಲ್ಲಿ ಬೋಧನೆಯ ಬಗ್ಗೆ ಯಾರಾದರೂ ಅವರೊಡನೆ ಮಾತನಾಡುವ ಸಂದರ್ಭವೆಂದರೆ ಈ ಕಾರ್ಯಾಗಾರಗಳೇ. ಆ ದಿನಗಳೂ ಗುಂಡಿ ಒತ್ತುವುದರಲ್ಲಿ ಕಳೆದುಹೋದರೆ ಇನ್ನು ಉಳಿಯುವುದೇನು?

ವ್ಯವಸ್ಥೆಯೇನೂ ಹೊಸದಲ್ಲ. 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬೆನ್ನಲ್ಲೇ ಯುಜಿಸಿ ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. ಮೈಸೂರು, ಬೆಂಗಳೂರು ವಿಶ್ವವಿದ್ಯಾನಿಲಯಗಳಲ್ಲೂ ಅವು ಬಂದವು. ಅನಂತರ ಅವು ಮಾನವ ಸಂಪನ್ಮೂಲ ಅಭಿವೃದ್ಧಿ ಕೇಂದ್ರಗಳಾದವು. 2023ರಿಂದ ಮಾಳವೀಯ ಮಿಷನ್ ಹೆಸರಿನ ಶಿಕ್ಷಕರ ತರಬೇತಿ ಕೇಂದ್ರಗಳಾಗಿವೆ. ಹೊಸದಾಗಿ ಸೇರಿದ ಅಧ್ಯಾಪಕರಿಗೆಂದು 'ಗುರು-ದಕ್ಷತಾ' ಎಂಬ ಒಂದು ತಿಂಗಳ ತರಬೇತಿಯ ಮಾರ್ಗದರ್ಶಿಯನ್ನೂ ಯುಜಿಸಿ 2019ರಲ್ಲಿ ಹೊರತಂದಿದೆ. ಉದ್ದೇಶದಲ್ಲಿ ಕೊರತೆಯಿಲ್ಲ. ಆದರೆ ಯುಜಿಸಿಯ 2018ರ ನಿಯಮಾವಳಿಯಂತೆ ಬಡ್ತಿಗೆ ಇಂಥ ಕೋರ್ಸುಗಳನ್ನು ಮುಗಿಸಿರಬೇಕು. ಬಡ್ತಿಯ ಪ್ರಶ್ನೆ ಬಂದೊಡನೆ ಕಲಿಕೆ ಹಿಂದಕ್ಕೆ ಸರಿದು ಪ್ರಮಾಣಪತ್ರ ಮುಂದಕ್ಕೆ ಬರುತ್ತದೆ. ಇದರಲ್ಲಿ ಅಧ್ಯಾಪಕರ ತಪ್ಪೇನೂ ಇಲ್ಲ. ಅಂಕಕ್ಕಾಗಿ ಓದಬೇಡಿ ಎಂದು ಮಕ್ಕಳಿಗೆ ಹೇಳುತ್ತಲೇ ಅಂಕ ನೋಡಿ ಬಹುಮಾನ ಕೊಟ್ಟವರು ನಾವೂ ಅಲ್ಲವೆ?

ಇನ್ನೊಂದು ಸಂಗತಿಯನ್ನು ಹೇಳದೆ ಮುಂದೆ ಹೋಗಲಾರೆ. ನಮ್ಮ ಸರ್ಕಾರಿ ಪದವಿ ಕಾಲೇಜುಗಳು ಸಾವಿರಾರು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ನಿಂತಿವೆ. ಅವರಿಗೆ ಬಡ್ತಿಯೆಂಬುದೇ ಇಲ್ಲ. ಬಡ್ತಿಗೆ ಕಟ್ಟಿಹಾಕಿದ ತರಬೇತಿಯಿಂದ ಅವರಿಗಾಗುವ ಲಾಭವೇನು? ನನ್ನ ವಿದ್ಯಾರ್ಥಿಗಳಲ್ಲೇ ಇಬ್ಬರು ಹೀಗೆ ದುಡಿಯುತ್ತಿದ್ದಾರೆ. ಅವರು ಇದನ್ನು ಓದುತ್ತಾರೆಂದು ಬಲ್ಲೆ.

ಉಪಕರಣ ಬದಲಾದರೂ ಪಾಠ ಬದಲಾಗದಿರುವುದನ್ನು ನನ್ನ ತಲೆಮಾರು ಹಲವು ಸಲ ಕಂಡಿದೆ. 1984ರ ಆಗಸ್ಟ್ 15ರಂದು ಯುಜಿಸಿಯ ಕಂಟ್ರಿವೈಡ್ ಕ್ಲಾಸ್‌ರೂಮ್ ದೂರದರ್ಶನದಲ್ಲಿ ಆರಂಭವಾಯಿತು. 2004ರಲ್ಲಿ ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. 2017ರಲ್ಲಿ ಸ್ವಯಂ ಬಂತು. ಪ್ರತಿ ಸಲವೂ ಒಳ್ಳೆಯ ಉಪನ್ಯಾಸ ದೂರದ ಊರಿಗೆ ತಲುಪಿತು. ಅದು ಸಣ್ಣ ಮಾತಲ್ಲ. ಆದರೆ ಊರಿನಲ್ಲಿದ್ದ ಅಧ್ಯಾಪಕರ ಪಾಠವನ್ನು ಅದು ಎಷ್ಟು ಮುಟ್ಟಿತು ಎಂಬುದು ಬೇರೆಯೇ ಪ್ರಶ್ನೆ.

ಈಗ ನನ್ನ ಬಿ.ಎಡ್. ದಿನಗಳಿಗೆ ಹೋಗಬೇಕು. ಅಲ್ಲಿ ಎಲ್ಲವೂ ಚಂದವಿತ್ತೆಂದು ಹೇಳಿದರೆ ಸುಳ್ಳಾದೀತು. ಹಿರಿಯ ವಿದ್ಯಾರ್ಥಿನಿಯೊಬ್ಬಳ ಚಾರ್ಟುಗಳನ್ನು ಪರೀಕ್ಷೆಯ ದಿನಕ್ಕೆಂದು ಎರವಲು ತಂದು ನೇತುಹಾಕಿದ್ದೆ. ಪರೀಕ್ಷಕರು ಹೊರಟ ಮೇಲೆ ಅವನ್ನು ಮತ್ತೊಮ್ಮೆ ಬಿಡಿಸಿಯೂ ನೋಡಲಿಲ್ಲ. ಆದರೆ ಮೈಕ್ರೋ ಟೀಚಿಂಗ್ ಎಂಬುದೊಂದಿತ್ತು. ಇಡೀ ಪಾಠವಲ್ಲ, ಒಂದೇ ಒಂದು ಕೌಶಲ. ಆರು ನಿಮಿಷ ಪಾಠ, ಆರು ನಿಮಿಷ ವಿಮರ್ಶೆ, ಹನ್ನೆರಡು ನಿಮಿಷ ಮರುಯೋಜನೆ, ಮತ್ತೆ ಆರು ನಿಮಿಷ ಪಾಠ, ಮತ್ತೆ ಆರು ನಿಮಿಷ ವಿಮರ್ಶೆ. ಒಟ್ಟು 36 ನಿಮಿಷ. ಸಹಪಾಠಿಗಳೇ ವಿದ್ಯಾರ್ಥಿಗಳು. ಹಿಂದಿನ ಬೆಂಚಿನಲ್ಲಿ ನಮ್ಮ ಮೇಷ್ಟ್ರು. "ಉತ್ತರ ಬರುವ ಮೊದಲೇ ನೀವೇ ಹೇಳಿಬಿಟ್ಟಿರಿ" ಎಂದು ಅವರು ಕೆಂಪು ಶಾಯಿಯಲ್ಲಿ ಬರೆದದ್ದು ನನಗೆ ಇಂದಿಗೂ ಕಾಣಿಸುತ್ತದೆ. ಆ ದಿನ ಅತ್ತಿದ್ದೆ.

ಈ ಪದ್ಧತಿ 1960ರ ದಶಕದಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಹುಟ್ಟಿದ್ದು. ಅಲ್ಲಿ ಅದರ ಜೀವಾಳವೇ ವಿಡಿಯೋ ಟೇಪು. ಪಾಠ ಮಾಡಿದವರು ತಮ್ಮ ಪಾಠವನ್ನು ತಾವೇ ನೋಡಬೇಕಿತ್ತು. 1970ರ ದಶಕದಲ್ಲಿ ಬರೋಡಾದ ಶಿಕ್ಷಣತಜ್ಞರು ಅದನ್ನು ನಮ್ಮ ದೇಶಕ್ಕೆ ಹೊಂದಿಸಲು ಶ್ರಮಿಸಿದರು. ಕ್ಯಾಮೆರಾ ಎಲ್ಲಿಂದ ತರಬೇಕು? ಹಾಗಾಗಿ ನಮ್ಮಂಥ ಕಾಲೇಜುಗಳಿಗೆ ಅದು ಕ್ಯಾಮೆರಾ ಇಲ್ಲದೆಯೇ ಬಂತು. ಇಂದು ಪ್ರತಿ ಅಧ್ಯಾಪಕರ ಜೇಬಿನಲ್ಲೂ ಆ ಕ್ಯಾಮೆರಾ ಇದೆ. ಅದನ್ನು ಪಾಠವನ್ನು ವಿದ್ಯಾರ್ಥಿಗಳಿಗೆ ಕಳುಹಿಸಲು ಬಳಸುವುದನ್ನು ಮಾತ್ರ ಕಾರ್ಯಾಗಾರಗಳು ಕಲಿಸುತ್ತಿವೆ. ತನ್ನ ಕಡೆಗೆ ತಿರುಗಿಸಿಕೊಂಡು ನೋಡುವುದನ್ನು ಕಲಿಸುತ್ತಿಲ್ಲ. ನನ್ನ ತಕರಾರು ಇಷ್ಟೇ.

ತಂತ್ರಜ್ಞಾನದ ತರಬೇತಿಯೇ ಬೇಡವೆಂದು ನಾನು ಹೇಳುತ್ತಿಲ್ಲ. 2012ರ ಸುಮಾರಿಗೆ ನಮ್ಮ ಪ್ರೌಢಶಾಲಾ ಶಿಕ್ಷಕರಿಗೆ 'ವಿಷಯ ಶಿಕ್ಷಕರ ವೇದಿಕೆ'ಯ ತರಬೇತಿ ನಡೆಯಿತು. ಕನ್ನಡ ಬೆರಳಚ್ಚಿಗೇ ಮೊದಲ ದಿನ ಹೋಯಿತು. ಆದರೆ ಜಿಯೋಜೀಬ್ರಾದಲ್ಲಿ ತ್ರಿಭುಜದ ಶೃಂಗವನ್ನು ಎಳೆದಾಗ ಮೂರೂ ಕೋನಗಳು ಬದಲಾಗುತ್ತಾ ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಂತದ್ದನ್ನು ಕಂಡು ಐವತ್ತು ದಾಟಿದ ನಾನು ಮಗುವಿನಂತೆ ಮತ್ತೆ ಮತ್ತೆ ಎಳೆದೆ. ಊರಿಗೆ ಮರಳಿದ ಮೇಲೂ ಸಂದೇಹ ಬಂದರೆ ಇ-ಮೇಲ್ ಬಳಗದಲ್ಲಿ ಕೇಳುತ್ತಿದ್ದೆವು. ಬೇರೆ ಜಿಲ್ಲೆಯ ಮುಖವನ್ನೇ ನೋಡದ ಶಿಕ್ಷಕರು ಉತ್ತರಿಸುತ್ತಿದ್ದರು. ಅಲ್ಲಿ ಗಣಿತ ಮೊದಲು, ಕಂಪ್ಯೂಟರು ಅದರ ಹಿಂದೆ. ಶಿಬಿರ ಮುಗಿದ ಮೇಲೂ ಕೇಳಲು ಒಬ್ಬರಿದ್ದರು. ಅರ್ಥಶಾಸ್ತ್ರ, ರಸಾಯನಶಾಸ್ತ್ರ, ಕನ್ನಡ ಎಲ್ಲರನ್ನೂ ಒಂದೇ ಪರದೆಯ ಮುಂದೆ ಕೂರಿಸಿ ಒಂದೇ ತಂತ್ರಾಂಶ ಹೇಳಿಕೊಟ್ಟರೆ ಇದು ಆಗದು.

ಕಳೆದ ದೀಪಾವಳಿಗೆ ಆ ಹುಡುಗಿ ಬಂದಾಗ ನಾನೇ ಒತ್ತಾಯಿಸಿದೆ: ನಿನ್ನ ಮೊಬೈಲನ್ನು ಕೊನೆಯ ಬೆಂಚಿನ ಮೇಲೆ ನಿನ್ನತ್ತ ತಿರುಗಿಸಿಡು, ಹತ್ತು ನಿಮಿಷ ಸಾಕು. ಸಂಕ್ರಾಂತಿಗೆ ತಂದಳು. ಇಬ್ಬರೂ ಬಾಗಿಲು ಹಾಕಿಕೊಂಡು ನೋಡಿದೆವು. ಹನ್ನೊಂದು ಪ್ರಶ್ನೆ ಕೇಳಿದ್ದಳು, ಒಂಬತ್ತಕ್ಕೆ ಅವಳೇ ಉತ್ತರ ಹೇಳಿದ್ದಳು. ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸಾಮಾನ್ಯವಾಗಿ ಕಾಯುವುದು ಒಂದು ಸೆಕೆಂಡಿನಷ್ಟು, ಅದನ್ನು ಮೂರಕ್ಕೆ ಏರಿಸಿದರೆ ಉತ್ತರಗಳು ಉದ್ದವಾಗುತ್ತವೆ, ಸುಮ್ಮನಿರುವವರೂ ಬಾಯಿ ಬಿಡುತ್ತಾರೆ ಎಂದು ಮೇರಿ ಬಡ್ ರೋ ಎಂಬ ಅಮೆರಿಕದ ವಿದುಷಿ 1970ರ ದಶಕದಲ್ಲೇ ತೋರಿಸಿದ್ದರು. ಇದನ್ನು ಹೇಳಿದೆ. "ಮೂರು ಸೆಕೆಂಡು ಅಷ್ಟೇನಾ?" ಎಂದಳು. ನಿಂತು ನೋಡು, ಗೊತ್ತಾಗುತ್ತದೆ ಎಂದೆ.

ಯುಗಾದಿಗೆ ಎರಡನೆಯ ಚಿತ್ರಣ ಬಂತು. ಬೇಡಿಕೆಯ ರೇಖೆ ಏಕೆ ಕೆಳಗಿಳಿಯುತ್ತದೆಂದು ಕೇಳಿ ಸುಮ್ಮನೆ ನಿಂತಿದ್ದಾಳೆ. ನೋಡುವ ನನಗೇ ಚಡಪಡಿಕೆ. ಕೊನೆಗೆ ಪರದೆಯಲ್ಲಿ ಕಾಣದ ಹುಡುಗಿಯೊಬ್ಬಳ ದನಿ, ಟೊಮೆಟೊ ದರ ಏರಿದಾಗ ತನ್ನಮ್ಮ ಸಾರಿಗೆ ಹುಣಸೆಹಣ್ಣು ಹಾಕಿದ್ದನ್ನು ಹೇಳುತ್ತದೆ. ನನ್ನ ತಂಗಿಯ ಮಗಳು ಚಿತ್ರಣವನ್ನು ಅಲ್ಲಿಗೇ ನಿಲ್ಲಿಸಿ, "ಈ ಹುಡುಗಿ ಇಡೀ ವರ್ಷ ಮಾತಾಡಿರಲಿಲ್ಲ ದೊಡ್ಡಮ್ಮ" ಎಂದಳು.

34 ವರ್ಷ ಪಾಠ ಮಾಡಿದ ನನ್ನ ತರಗತಿಯನ್ನು ಹೀಗೆ ಚಿತ್ರಿಸಿದ್ದರೆ ಏನೇನು ಕಾಣುತ್ತಿತ್ತೋ! ಅದು ನಿಮಗೇ ಗೊತ್ತು, ಹೇಳುವುದು ಬೇಡ. ನಿಮ್ಮಲ್ಲಿ ಈಗ ಕಾಲೇಜು ಅಧ್ಯಾಪಕರಾಗಿರುವವರು ಇಂಥ ಹತ್ತು ನಿಮಿಷದ ಚಿತ್ರಣ ತಂದರೆ ನೋಡಲು ನಾನು ಸಿದ್ಧ. ಕೆಂಪು ಶಾಯಿಯ ಪೆನ್ನು ಇನ್ನೂ ಇದೆ. ಭಾನುವಾರ ಮಧ್ಯಾಹ್ನದ ಮೇಲೆ ಬನ್ನಿ.