ನಿಂತ ಈಟಿ ಮತ್ತೆ ಹಾರಿತು

ಆಳಂದ, ಅಫಜಲಪುರ, ಜೇವರ್ಗಿಯ ಸಹೋದರಿಯರೇ, ಚಿಕ್ಕಂದಿನಲ್ಲಿ ಜೋಳದ ಹೊಲದ ಹಕ್ಕಿ ಓಡಿಸಲು ನಿಮ್ಮಲ್ಲಿ ಕೆಲವರಾದರೂ ಕವಣೆ ಬೀಸಿರಬಹುದು. ಮಕ್ಕಳಾದ ಮೇಲೆ 'ಇನ್ನೇನು, ನಮ್ಮ ಕಾಲ ಮುಗಿಯಿತು' ಎಂದುಕೊಂಡಿದ್ದೀರಾ? ಹಾಗಾದರೆ ಝೆಕ್ ದೇಶದ ಈಟಿ ಎಸೆತಗಾರ್ತಿ ಬಾರ್ಬೊರಾ ಸ್ಪೊಟಾಕೋವಾರ ಕಥೆ ಕೇಳಿ.

ಮಹಿಳೆಯರು ಎಸೆಯುವ ಈಟಿಯ ತೂಕ 600 ಗ್ರಾಂ. ಅದನ್ನು ದೂರಕ್ಕೆ ಕಳಿಸಲು ತೋಳಿನ ಬಲವೊಂದೇ ಸಾಲದು. ಓಡಿ ಬಂದ ವೇಗ ಕಾಲು, ಸೊಂಟ, ಭುಜಗಳ ಮೂಲಕ ಕೈಗೆ ಬರಬೇಕು. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕೊನೆಯ ಸುತ್ತಿನವರೆಗೂ ಹಿಂದಿದ್ದ ಬಾರ್ಬೊರಾ, ಕಡೆಯ ಎಸೆತದಲ್ಲಿ 71.42 ಮೀಟರ್ ದೂರ ಎಸೆದು ಚಿನ್ನ ಗೆದ್ದರು. ಮರುತಿಂಗಳು 72.28 ಮೀಟರ್ ಎಸೆದು ವಿಶ್ವದಾಖಲೆ ಮಾಡಿದರು. ಅವರು ನಿವೃತ್ತರಾಗುವವರೆಗೂ ಅದನ್ನು ಯಾರೂ ಮುರಿಯಲಿಲ್ಲ. 2012ರ ಲಂಡನ್ ಒಲಿಂಪಿಕ್ಸ್ ಚಿನ್ನವೂ ಅವರದೇ.

2013ರಲ್ಲಿ ಮಗ ಹುಟ್ಟಿದ. ಎಲ್ಲ ಮುಗಿಯಿತೇ? ಇಲ್ಲ. 2014ರಲ್ಲಿ ಯುರೋಪ್ ಚಾಂಪಿಯನ್ ಆದರು, 2016ರಲ್ಲಿ ಒಲಿಂಪಿಕ್ಸ್ ಕಂಚು ಪಡೆದರು, 2017ರಲ್ಲಿ ವಿಶ್ವ ಚಾಂಪಿಯನ್ ಆದರು. 2018ರಲ್ಲಿ ಎರಡನೇ ಮಗ ಹುಟ್ಟಿದ. ಮತ್ತೆ ಮೈದಾನಕ್ಕೆ ಬಂದು, 2022ರಲ್ಲಿ 41ರ ಪ್ರಾಯದಲ್ಲಿ ಮ್ಯೂನಿಕ್‌ನ ಯುರೋಪ್ ಕೂಟದಲ್ಲಿ ಕಂಚು ಗೆದ್ದರು. ಆ ಬಳಿಕವೇ ಈಟಿ ಕೆಳಗಿಟ್ಟರು.

ನಾವೆಲ್ಲ ಒಲಿಂಪಿಕ್ಸ್‌ಗೆ ಹೋಗಬೇಕಾಗಿಲ್ಲ. ಆದರೆ ನೀವು ಅರ್ಧಕ್ಕೆ ಬಿಟ್ಟ ಓದು, ಕಲಿತು ಮರೆತ ಕಸುಬು ಒಂದಾದರೂ ಇರಬೇಕಲ್ಲವೇ? ಮಗುವಿಗಾಗಿ ನಿಲ್ಲಿಸಿದ್ದನ್ನು ಮಗು ಬೆಳೆದ ಮೇಲೆ ಮತ್ತೆ ಹಿಡಿಯಬಹುದು. ಅದಕ್ಕೆ ಮನೆಯವರು ದಿನಕ್ಕೊಂದು ಗಂಟೆ ಬಿಟ್ಟುಕೊಡಬೇಕು. ಆ ಗಂಟೆಯನ್ನು ಕೇಳಲು ನೀವು ಹಿಂಜರಿಯಬೇಡಿ.