ಜೈಲಿನ ದಫ್ತರವೂ ಖೈದಿಯ ದಿನಗಳೂ

ಜೈಲು ಎಂದೊಡನೆ ನಮ್ಮ ಜನರ ಕಣ್ಣಿಗೆ ಕಟ್ಟುವುದು ಗೋಡೆ, ಬೀಗ, ಬಂದೂಕು. ಸುಧಾರಣೆಯ ಮಾತೆತ್ತುವ ಮಂತ್ರಿಗಳೂ ಇವುಗಳ ಸುತ್ತಲೇ ಸುತ್ತುತ್ತಾರೆ. ಗೋಡೆಗೆ ಸುಣ್ಣ, ಬಾಗಿಲಿಗೆ ಕ್ಯಾಮರಾ, ಅಂಗಳದಲ್ಲಿ ಯೋಗದ ತರಗತಿ. ಮರುದಿನ ಪತ್ರಿಕೆಯಲ್ಲಿ ಫೋಟೋ. ಆದರೆ ಒಬ್ಬ ಖೈದಿ ಇನ್ನೆಷ್ಟು ದಿನ ಒಳಗಿರಬೇಕೆಂಬ ಲೆಕ್ಕವನ್ನು ದಿನವೂ ಬರೆದಿಡುವ ಮನುಷ್ಯ ಈ ಫೋಟೋದಲ್ಲಿ ಎಂದೂ ಬೀಳುವುದಿಲ್ಲ. ಅವನು ಹೆಬ್ಬಾಗಿಲು ದಾಟಿದ ಮೇಲೆ ಸಿಗುವ ಕಚೇರಿಯಲ್ಲಿ, ಕಡತಗಳ ಗುಡ್ಡೆಯ ಹಿಂದೆ ಕುಳಿತಿರುತ್ತಾನೆ. ಸರಕಾರ ಅವನಿಗೆ ಇಟ್ಟ ಹೆಸರು ಪ್ರಥಮ ದರ್ಜೆ ಸಹಾಯಕ ಅಥವಾ ದ್ವಿತೀಯ ದರ್ಜೆ ಸಹಾಯಕ. ಊರ ಜನಕ್ಕೆ ಅವನು ಜೈಲು ಗುಮಾಸ್ತ. ಈ ಗುಮಾಸ್ತನ ಮೇಜನ್ನು ಕುರಿತು ನಾಲ್ಕು ಮಾತು ಬರೆಯಬೇಕೆನ್ನಿಸಿ ಬಹಳ ದಿನವಾಯಿತು.

ಬರೆಯುವವನ ಬಲ ಎಷ್ಟೆಂಬುದನ್ನು ನಮ್ಮ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಶಾನುಭೋಗರ ಕಾಲದಲ್ಲಿ ಉತ್ತವನು ಒಬ್ಬ, ಪಹಣಿಯಲ್ಲಿ ಹೆಸರು ಇನ್ನೊಬ್ಬನದು. 1974ರಲ್ಲಿ ಭೂಸುಧಾರಣಾ ಕಾಯಿದೆಗೆ ತಿದ್ದುಪಡಿ ಬಂದಾಗಲೂ ಗೇಣಿದಾರನ ಹಣೆಬರಹ ನಿಂತದ್ದು ನಮೂನೆ 7ರ ಅರ್ಜಿಯ ಮೇಲೆ. ಅರ್ಜಿ ಹಾಕಬೇಕೆಂದು ಗೊತ್ತಾಗದವನು ನೇಗಿಲು ಹಿಡಿದೇ ಇದ್ದರೂ ಒಡೆಯನಾಗಲಿಲ್ಲ. ಜೈಲಿನ ಕಚೇರಿಯಲ್ಲೂ ನಡೆಯುವುದು ಇದೇ ಬಗೆಯ ಬರವಣಿಗೆ. ಅಲ್ಲಿ ಹೊಲದ ಬದಲು ಮನುಷ್ಯನ ಆಯುಸ್ಸಿನ ಲೆಕ್ಕ.

1894ರ ಕಾರಾಗೃಹ ಕಾಯಿದೆಯ 12ನೆಯ ಕಲಮು ಜೈಲಿನಲ್ಲಿ ಇಡಲೇಬೇಕಾದ ಪುಸ್ತಕಗಳನ್ನು ಹೆಸರಿಸುತ್ತದೆ. ಒಳಬಂದ ಖೈದಿಗಳ ರಿಜಿಸ್ಟರು, ಯಾರು ಯಾವಾಗ ಬಿಡುಗಡೆಯಾಗಬೇಕೆಂಬ ಪುಸ್ತಕ, ಶಿಕ್ಷೆಗಳ ಪುಸ್ತಕ, ಸಂದರ್ಶಕರ ಪುಸ್ತಕ, ಖೈದಿಯಿಂದ ತೆಗೆದಿಟ್ಟುಕೊಂಡ ಹಣ ಒಡವೆಗಳ ಲೆಕ್ಕ. ನಮ್ಮ ರಾಜ್ಯ 1963ರಲ್ಲಿ ತನ್ನದೇ ಕಾಯಿದೆ ಮಾಡಿಕೊಂಡಿತು. ಈಚೆಗೆ ಮೇಜಿನ ಮೇಲೆ ಕಂಪ್ಯೂಟರೂ ಬಂದಿದೆ. ಆದರೂ ಬ್ರಿಟಿಷರು ಹಾಕಿಕೊಟ್ಟ ಆ ಪರಿಪಾಟಿ ತಪ್ಪಿಲ್ಲ. ಐದರಲ್ಲಿ ಎರಡನೆಯ ಪುಸ್ತಕವಿದೆಯಲ್ಲ, ಬಿಡುಗಡೆಯ ದಿನದ ಪುಸ್ತಕ, ಅದರ ಮೇಲೆಯೇ ನನ್ನ ಕಣ್ಣು.

ಆ ಪುಸ್ತಕಕ್ಕೆ ಒಂದು ತಾರೀಖು ಬರೆಯುವುದು ಹೊರಗಿನವರು ತಿಳಿದಷ್ಟು ಸುಲಭವಲ್ಲ. ಒಬ್ಬನಿಗೆ ಮೂರು ವರ್ಷ ಸಜೆ, ದಂಡ ಕಟ್ಟದಿದ್ದರೆ ಮತ್ತೆ ಆರು ತಿಂಗಳು ಎಂದಿಟ್ಟುಕೊಳ್ಳಿ. ತೀರ್ಪಿಗೆ ಮುಂಚೆ ಅವನು 14 ತಿಂಗಳು ವಿಚಾರಣಾಧೀನ ಖೈದಿಯಾಗಿ ಒಳಗಿದ್ದ. ಅಷ್ಟನ್ನು ಶಿಕ್ಷೆಯಲ್ಲಿ ವಜಾ ಮಾಡಬೇಕೆಂದು 1973ರ ದಂಡಪ್ರಕ್ರಿಯಾ ಸಂಹಿತೆಯ 428ನೆಯ ಕಲಮು ಹೇಳುತ್ತಿತ್ತು. ಈಗ 2023ರ ನಾಗರಿಕ ಸುರಕ್ಷಾ ಸಂಹಿತೆಯ 468 ಅದನ್ನೇ ಹೇಳುತ್ತದೆ. ಸನ್ನಡತೆಗಾಗಿ ಸಿಗುವ ಮಾಫಿ ದಿನಗಳನ್ನು ಕಳೆಯಬೇಕು. ದಂಡ ಕಟ್ಟಿದನೇ, ಅರ್ಧ ಕಟ್ಟಿದನೇ ನೋಡಬೇಕು. ಅವನ ಮೇಲೆ ಇನ್ನೊಂದು ಮೊಕದ್ದಮೆಯಿದ್ದರೆ ಎರಡೂ ಸಜೆ ಒಟ್ಟಿಗೆ ನಡೆಯುತ್ತವೆಯೋ ಒಂದು ಮುಗಿದ ಮೇಲೆ ಇನ್ನೊಂದೋ, ಅದೂ ತಿಳಿದಿರಬೇಕು. ಕಾನೂನು ಕಾಲೇಜಿನ ಮೆಟ್ಟಿಲು ಹತ್ತದ ನನ್ನಂಥವನಿಗೆ ಇದನ್ನು ಅರ್ಥಮಾಡಿಕೊಳ್ಳಲು ವಾರಗಳೇ ಹಿಡಿದವು. ಗುಮಾಸ್ತ ಇದನ್ನು ಒಂದು ಸಂಜೆಯಲ್ಲಿ, ನಡುವೆ ಹತ್ತು ಸಲ ಎದ್ದು ಫೋನಿಗೆ ಉತ್ತರ ಕೊಡುತ್ತ ಮಾಡಬೇಕು.

ಲೆಕ್ಕ ಯಾವ ದಿಕ್ಕಿಗೆ ವಾಲಿದರೆ ಏನಾಗುತ್ತದೆ? ಉತ್ತರ ಪ್ರದೇಶದಲ್ಲಿ ವಿದ್ಯುತ್ ಕಳ್ಳತನದ 9 ಪ್ರಕರಣಗಳಲ್ಲಿ ಒಬ್ಬನಿಗೆ ತಲಾ ಎರಡೆರಡು ವರ್ಷ ಸಜೆಯಾಯಿತು. ಒಟ್ಟಿಗೆ ಎಂದು ಕೋರ್ಟು ಸ್ಪಷ್ಟವಾಗಿ ಬರೆಯಲಿಲ್ಲ. ಜೈಲಿನವರು ಒಂದರ ಮೇಲೊಂದು ಕೂಡಿಸಿದರು: 18 ವರ್ಷ! ಹೈಕೋರ್ಟೂ ಕೈಹಿಡಿಯಲಿಲ್ಲ. 2022ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಸಜೆಗಳೆಲ್ಲ ಒಟ್ಟಿಗೆ ನಡೆಯತಕ್ಕವೆಂದು ಹೇಳಿದ ಮೇಲೆ ಅವನಿಗೆ ದಾರಿಯಾಯಿತು. ಕರೆಂಟು ಕದ್ದವನಿಗೆ 18 ವರ್ಷ. ಬ್ಯಾಂಕುಗಳನ್ನೇ ನುಂಗಿದವರು ಯಾವ ದೇಶದ ಸಮುದ್ರ ತೀರದಲ್ಲಿದ್ದಾರೆಂದು ಓದುಗರಿಗೆ ಗೊತ್ತೇ ಇದೆ.

ಅದೇ ರಾಜ್ಯದ ಗಾಜಿಯಾಬಾದ್ ಜೈಲಿನ ಇನ್ನೊಂದು ಸಂಗತಿ ತೀರ ಈಚಿನದು. 2025ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟು ಒಬ್ಬನಿಗೆ ಜಾಮೀನು ಕೊಟ್ಟಿತು. ಮೇ 27ರಂದು ಕೆಳಗಿನ ಕೋರ್ಟಿನಿಂದ ಬಿಡುಗಡೆಯ ಆಜ್ಞೆಯೂ ಹೊರಟಿತು. ಅವನು ಹೊರಬಂದದ್ದು ಜೂನ್ 24ಕ್ಕೆ. ಕಾರಣವೇನೆಂದರೆ, ಆಜ್ಞೆಯಲ್ಲಿ ಕಲಮಿನ ಸಂಖ್ಯೆ ಇತ್ತು, ಅದರ ಒಂದು ಉಪಕಲಮಿನ ಸಂಖ್ಯೆ ಇರಲಿಲ್ಲ. ಮನುಷ್ಯ ಅವನೇ, ಮೊಕದ್ದಮೆ ಅದೇ, ಯಾರಿಗೂ ಸಂಶಯವಿಲ್ಲ. ಆದರೂ 28 ದಿನ. 5 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು ರಾಜ್ಯ ಸರಕಾರಕ್ಕೆ ಆಜ್ಞೆ ಮಾಡಿತು. ಇದಕ್ಕಿಂತ ಘೋರವಾದದ್ದು ಬಿಹಾರದ ರುದುಲ್ ಸಾಹನ ಕಥೆ. 1968ರ ಜೂನಿನಲ್ಲಿ ನಿರ್ದೋಷಿಯೆಂದು ತೀರ್ಪಾದವನು ಜೈಲಿನಿಂದ ಹೊರಬಿದ್ದದ್ದು 1982ರ ಅಕ್ಟೋಬರಿನಲ್ಲಿ. ಹದಿನಾಲ್ಕು ವರ್ಷ! ಅವನಿಗೆ ಹುಚ್ಚಿತ್ತೆಂದು ಸರಕಾರ ಸಮಜಾಯಿಷಿ ಹೇಳಿತು, ಆಧಾರ ತೋರಿಸಲಾಗಲಿಲ್ಲ. 1983ರಲ್ಲಿ ಸುಪ್ರೀಂ ಕೋರ್ಟು ಕೊಡಿಸಿದ ಪರಿಹಾರ ಎಲ್ಲ ಸೇರಿ 35,000 ರೂಪಾಯಿ.

ಇಂಥ ಸುದ್ದಿ ಓದಿದ ಕೂಡಲೆ ನಮ್ಮ ಸಂಗಾತಿಗಳು ಗುಮಾಸ್ತನನ್ನು ಬಯ್ಯಲು ಹೊರಡುತ್ತಾರೆ. ಲಂಚಕೋರ, ಕಲ್ಲೆದೆಯವ, ನೌಕರಶಾಹಿಯ ಬಾಲ. ಲಂಚ ಇಲ್ಲವೆಂದು ನಾನು ಹೇಳಲಾರೆ. ಇದೆ, ಜೈಲಿನ ಬಾಗಿಲಲ್ಲಿ ನಿಂತ ಪ್ರತಿಯೊಬ್ಬ ಹೆಂಗಸಿಗೂ ಅದರ ದರ ಗೊತ್ತು. ಆದರೆ ಲಂಚದಿಂದ ಮಾತ್ರ ಇದು ಅರ್ಥವಾಗುವುದಿಲ್ಲ.

ಹೋದ ವರ್ಷ ನಮ್ಮ ತಾಲ್ಲೂಕಿನ ಒಬ್ಬ ಕೂಲಿಯವನಿಗೆ ಬೇಲಿಯ ಜಗಳದ ಕೇಸಿನಲ್ಲಿ ಜಾಮೀನಾಯಿತು. ಶನಿವಾರ ಸಂಜೆ ಕಾಗದ ಹಿಡಿದು ಜೈಲಿಗೆ ಹೋದೆವು. ಯಾವ ಜೈಲೆಂದು ಬರೆಯುವುದಿಲ್ಲ, ಎಲ್ಲಿ ಬೇಕಾದರೂ ಆಗಬಹುದಾದ ಸಂಗತಿ. ಕೋರ್ಟಿನ ಕಾಗದದಲ್ಲಿ ಅವನ ತಂದೆಯ ಹೆಸರು ಕರಿಯಪ್ಪ, ಜೈಲಿನ ರಿಜಿಸ್ಟರಿನಲ್ಲಿ ಕರಿಬಸಪ್ಪ. ಗುಮಾಸ್ತ ಕಾಗದ ವಾಪಸು ಕೊಟ್ಟ. ಭಾನುವಾರ ರಜೆ, ಸೋಮವಾರ ಕೋರ್ಟಿಗೆ ಹೋಗಿ ತಿದ್ದಿಸಿದೆವು, ಮಂಗಳವಾರ ಬಿಡುಗಡೆ. ಅವನ ಹೆಂಡತಿ ಮೂರು ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ ಮಲಗಿದಳು. ನಾನು ಸಿಟ್ಟಿನಿಂದ ಗುಮಾಸ್ತನನ್ನು ಕೇಳಿದೆ, ಮನುಷ್ಯ ಅವನೇ ಎಂದು ನಿಮಗೆ ಗೊತ್ತಿಲ್ಲವೇನ್ರಿ ಎಂದು. ಆತ ತಲೆಯೆತ್ತಿ, “ಗೊತ್ತಿದೆ ಮೇಷ್ಟ್ರೇ. ಆದರೆ ಇವನನ್ನು ಬಿಟ್ಟು, ನಾಳೆ ಬೇರೆಯವನೆಂದು ತೇಲಿದರೆ ನಾನು ಅಮಾನತು. ಇಟ್ಟುಕೊಂಡರೆ ನನ್ನನ್ನು ಯಾರೂ ಕೇಳುವುದಿಲ್ಲ” ಎಂದ.

ಈ ಮಾತನ್ನು ನಾನು ಇಂದಿಗೂ ಮರೆತಿಲ್ಲ. ಇದು ಆ ಒಬ್ಬನ ಹೆದರಿಕೆಯಲ್ಲ, ಕಾನೂನಿನಲ್ಲೇ ಬರೆದಿಟ್ಟ ಹೆದರಿಕೆ. 1860ರ ದಂಡಸಂಹಿತೆಯ 223ನೆಯ ಕಲಮಿನ ಪ್ರಕಾರ ಅಜಾಗರೂಕತೆಯಿಂದ ಒಬ್ಬ ಬಂದಿ ತಪ್ಪಿಸಿಕೊಂಡು ಹೋಗಲು ಎಡೆಗೊಟ್ಟ ಸರಕಾರಿ ನೌಕರನಿಗೆ ಎರಡು ವರ್ಷದವರೆಗೆ ಸಜೆ. ಕಾನೂನಿಗೆ ವಿರುದ್ಧವಾಗಿ ಒಬ್ಬನನ್ನು ಕೂಡಿಹಾಕಿದ ಅಧಿಕಾರಿಗೆ 220ನೆಯ ಕಲಮು ಏಳು ವರ್ಷದವರೆಗೆ ಸಜೆ ಹೇಳುತ್ತದೆ, ನಿಜ. ಆದರೆ ಅವನು ತಿಳಿದೂ ತಿಳಿದೂ, ಭ್ರಷ್ಟತನದಿಂದಲೋ ದುರುದ್ದೇಶದಿಂದಲೋ ಹಾಗೆ ಮಾಡಿದನೆಂದು ರುಜುವಾತಾಗಬೇಕು. ಬರೀ ಅಜಾಗರೂಕತೆ ಸಾಲದು. ಎಂದರೆ, ಕೈತಪ್ಪಿ ಹೊರಗೆ ಹೋದರೆ ಅಪರಾಧ, ಕೈತಪ್ಪಿ ಒಳಗುಳಿದರೆ ಅಪರಾಧವಲ್ಲ. ಬ್ರಿಟಿಷರು ತಮ್ಮ ಪ್ರಜೆಗಳಿಗಾಗಿ ಬರೆದ ಈ ತಕ್ಕಡಿಯನ್ನು 2023ರಲ್ಲಿ ಹೊಸ ಸಂಹಿತೆ ಮಾಡಿದವರು ಹೊಸ ಸಂಖ್ಯೆ ಕೊಟ್ಟು ಹಾಗೆಯೇ ಉಳಿಸಿಕೊಂಡರು. ವಸಾಹತುಶಾಹಿಯ ಗುರುತು ಅಳಿಸಿದೆವೆಂದು ಭಾಷಣ ಮಾಡಿದ್ದು ಮಾತ್ರ ಬೇರೆ. ಇಂಥ ತಕ್ಕಡಿಯ ಮುಂದೆ ಕೂತ ಗುಮಾಸ್ತ ಸಂಶಯ ಬಂದಾಗಲೆಲ್ಲ ಯಾವ ಕಡೆ ವಾಲುತ್ತಾನೆಂದು ಕೇಳಬೇಕೇ?

ಇದರ ಮೇಲೆ ಕೆಲಸದ ಹೊರೆ ಬೇರೆ. ನಾನು ಕಂಡ ಆ ಕಚೇರಿಯಲ್ಲಿ ಇಬ್ಬರ ಕೆಲಸ ಒಬ್ಬನ ತಲೆಯ ಮೇಲಿತ್ತು. ಕಂಪ್ಯೂಟರಿನ ಮುಂದೆ ಗುತ್ತಿಗೆಯ ಹುಡುಗಿ, ಈ ತಿಂಗಳಿದ್ದರೆ ಮುಂದಿನ ತಿಂಗಳ ಖಾತ್ರಿಯಿಲ್ಲ. ಕೈಸಾಲದ ಕಡೆ ಓದುಬರಹ ಬಲ್ಲ ಖೈದಿಗಳನ್ನೇ ಬರವಣಿಗೆಗೆ ಹಚ್ಚುವುದು ಜೈಲುಗಳಲ್ಲಿ ಹಳೆಯ ರೂಢಿ. ನೆರಳಿನ ಕೆಲಸ, ಅಧಿಕಾರಿಗಳ ಸಮೀಪ. ಉಳಿದ ಖೈದಿಗಳ ಅರ್ಜಿ, ಕಾಗದ ಎಲ್ಲವೂ ಅವನ ಕೈಯಲ್ಲಿ. ಯಾರ ಮನೆಯಲ್ಲಿ ಓದಿದವರಿದ್ದರೋ ಅವರಿಗೆ ಮೇಜು, ಉಳಿದವರಿಗೆ ಪೊರಕೆ. ಹೊರಗಿನ ಸಮಾಜದ ಏಣಿಯನ್ನೇ ಒಳಗೂ ತಂದು ನಿಲ್ಲಿಸಿದಂತಾಯಿತು. ಪೊರಕೆ ಯಾವ ಜಾತಿಗೆ, ಒಲೆ ಯಾವ ಜಾತಿಗೆ ಎಂದು ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಮುದ್ರಿಸಿಯೇ ಇಟ್ಟಿದ್ದರು. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2024ರ ಅಕ್ಟೋಬರ್ 3ರಂದು ಆ ಕಟ್ಟಳೆಗಳನ್ನು ಕೋರ್ಟು ರದ್ದುಮಾಡಿತು. ಖೈದಿಗಳ ರಿಜಿಸ್ಟರಿನಲ್ಲಿ ಜಾತಿಯ ಕಲಂ ಇರಕೂಡದೆಂದೂ ಆಜ್ಞೆ ಮಾಡಿತು. ರಿಜಿಸ್ಟರಿನ ಒಂದು ಗೆರೆಯಲ್ಲಿ ಎಷ್ಟು ಅಡಗಿರುತ್ತದೆ ನೋಡಿ.

ಮೇಷ್ಟರಾಗಿದ್ದವನಿಗೆ ಇನ್ನೊಂದು ಮಾತು ಹೇಳದೆ ಇರಲಾಗುವುದಿಲ್ಲ. ನಮ್ಮ ಹಳ್ಳಿಯ ಶಾಲೆಗಳಲ್ಲಿ ಹುಟ್ಟಿದ ದಿನ ತಿಳಿಯದ ಮಕ್ಕಳಿಗೆಲ್ಲ ಜೂನ್ 1 ಎಂದು ಬರೆದದ್ದನ್ನು ಎಲ್ಲರೂ ಬಲ್ಲರು. ತಮಾಷೆಯ ಮಾತಾಯಿತು. ಆದರೆ 2015ರ ಬಾಲನ್ಯಾಯ ಕಾಯಿದೆಯ 94ನೆಯ ಕಲಮಿನಂತೆ, ಹಿಡಿದು ತಂದ ಹುಡುಗ ಹದಿನೆಂಟರ ಒಳಗಿನವನೋ ಹೊರಗಿನವನೋ ಎಂಬ ಸಂಶಯ ಬಂದರೆ ಮೊದಲು ನೋಡುವ ಆಧಾರಗಳಲ್ಲಿ ಶಾಲೆಯ ಜನ್ಮ ದಿನಾಂಕದ ಪತ್ರವೂ ಒಂದು. ಆ ಶಾಲೆಯ ಕಾಗದ ಸಮಯಕ್ಕೆ ಬಾರದಿದ್ದರೆ, ಪೊಲೀಸರು ಅಂದಾಜಿನ ಮೇಲೆ 19 ಎಂದು ಬರೆದದ್ದನ್ನೇ ಗುಮಾಸ್ತ ತನ್ನ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಾನೆ. ಹುಡುಗ ದೊಡ್ಡವರ ಬ್ಯಾರಕ್ಕಿಗೆ ಹೋಗುತ್ತಾನೆ. ಊರಿನಲ್ಲಿರುವ ಮೇಷ್ಟರು ಅಂಥ ಕಾಗದ ಕೇಳಿ ಬಂದವರನ್ನು ನಾಳೆ ಬಾ ಎನ್ನಬಾರದು.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಜನರಿದ್ದರೆಂದು ಸರಕಾರದ ಅಂಕಿಸಂಖ್ಯೆ. ಅವರಲ್ಲಿ 4,34,302 ಜನ ವಿಚಾರಣಾಧೀನರು, ಎಂದರೆ ಅಪರಾಧ ರುಜುವಾತಾಗದವರು. ಜಾಗವಿದ್ದದ್ದು 4,36,266 ಜನಕ್ಕೆ. ಶಿಕ್ಷೆಯಾಗದವರೇ ಜೈಲನ್ನು ತುಂಬಿಬಿಟ್ಟಿದ್ದಾರೆ. ಇವರಿಗಾಗಿಯೇ ನಾಗರಿಕ ಸುರಕ್ಷಾ ಸಂಹಿತೆಯ 479ನೆಯ ಕಲಮು ಇದೆ. ಹಿಂದೆಂದೂ ಶಿಕ್ಷೆಯಾಗದವನು ತನ್ನ ಮೇಲಿನ ಆರೋಪದ ಗರಿಷ್ಠ ಶಿಕ್ಷೆಯ ಮೂರನೆಯ ಒಂದು ಭಾಗವನ್ನು ಒಳಗೆ ಕಳೆದಿದ್ದರೆ ಅವನನ್ನು ಬಾಂಡಿನ ಮೇಲೆ ಬಿಡಬೇಕು. ಉಳಿದವರಿಗೆ ಅರ್ಧ ಕಳೆದ ಮೇಲೆ ಜಾಮೀನು. ಮರಣದಂಡನೆ, ಜೀವಾವಧಿ ಶಿಕ್ಷೆಯ ಆರೋಪಗಳಿಗೂ, ಒಂದಕ್ಕಿಂತ ಹೆಚ್ಚು ಕೇಸು ನಡೆಯುತ್ತಿರುವವರಿಗೂ ಇದಿಲ್ಲ. ಹಳೆಯ ಕೇಸಿನವರಿಗೂ ಇದು ಅನ್ವಯಿಸುತ್ತದೆಂದು 2024ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಗಮನಿಸಬೇಕಾದ್ದು, ಅವಧಿ ತುಂಬಿದ ಕೂಡಲೆ ಕೋರ್ಟಿಗೆ ಅರ್ಜಿ ಹಾಕಬೇಕಾದವನು ಜೈಲಿನ ಅಧೀಕ್ಷಕ. ಖೈದಿ ಕೇಳಬೇಕಾಗಿಲ್ಲ, ವಕೀಲನೂ ಬೇಕಾಗಿಲ್ಲ. ಅಧೀಕ್ಷಕನಿಗೆ ಅವಧಿ ತುಂಬಿತೆಂದು ಹೇಳುವವರು ಯಾರು? ಮತ್ತೆ ಅದೇ ಮೇಜು. ಅಲ್ಲಿ ಲೆಕ್ಕ ಹಾಕುವವರಿಲ್ಲದಿದ್ದರೆ ಡೆಲ್ಲಿಯಲ್ಲಿ ಮಾಡಿದ ಕಾನೂನು ಡೆಲ್ಲಿಯಲ್ಲೇ ಇರುತ್ತದೆ.

ಆದ್ದರಿಂದ ಸರಕಾರದೆದುರು ನಮ್ಮ ಬೇಡಿಕೆ ಇಷ್ಟು. ಜೈಲು ಕಚೇರಿಯ ಖಾಲಿ ಹುದ್ದೆಗಳನ್ನು ಗುತ್ತಿಗೆಯಲ್ಲಲ್ಲ, ಖಾಯಮ್ಮಾಗಿ ತುಂಬಬೇಕು. ತುಂಬಿದವರಿಗೆ ಶಿಕ್ಷೆಯ ಲೆಕ್ಕದಲ್ಲಿ ತರಬೇತಿ ಕೊಡಬೇಕು. ಒಳಬಂದ ಪ್ರತಿ ಖೈದಿಯ ಕೈಗೆ ಕನ್ನಡದಲ್ಲಿ ಒಂದು ಚೀಟಿ ಕೊಡಬೇಕು: ನೀನು ಬಂದ ದಿನ ಇದು, ಕಲಮು ಇದು, ಮೂರನೆಯ ಒಂದು ಭಾಗ ತುಂಬುವ ದಿನ ಇದು, ಶಿಕ್ಷೆಯಾಗಿದ್ದರೆ ಬಿಡುಗಡೆಯ ದಿನ ಇದು. ಹೈಕೋರ್ಟಿನ ಇಂಗ್ಲಿಷ್ ಆಜ್ಞೆಯನ್ನು ಅವನಿಗೆ ಓದಿ ಹೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಗುರುತು ಸ್ಪಷ್ಟವಾಗಿದ್ದಾಗ ಅಕ್ಷರದೋಷದ ಕಾಗದದ ಮೇಲೆ ಬಿಟ್ಟ ನೌಕರನಿಗೆ ರಕ್ಷಣೆ ಇರಬೇಕು, ಅವಧಿ ಮೀರಿ ಇಟ್ಟುಕೊಂಡ ಪ್ರತಿ ದಿನಕ್ಕೂ ಇಲಾಖೆ ಉತ್ತರ ಹೇಳಬೇಕು. ತಕ್ಕಡಿ ಸರಿಯಾಗದೆ ಗುಮಾಸ್ತನನ್ನು ಬದಲಾಯಿಸಿ ಪ್ರಯೋಜನವಿಲ್ಲ.

ಸರಕಾರ ಕೇಳುವತನಕ ನಾವು ಕಾಯಬೇಕಾಗಿಲ್ಲ. ಜಾಮೀನಾಗಿಯೂ ಏಳು ದಿನದಲ್ಲಿ ಹೊರಬಾರದವನ ವಿಷಯವನ್ನು ಜೈಲಿನವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕೆಂದು 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅಪ್ಪಣೆ ಮಾಡಿದೆ. ತಿಳಿಸಿದ್ದಾರೆಯೇ ಎಂದು ನಾವು ಹೋಗಿ ಕೇಳಬಹುದು. 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ ಮನುಷ್ಯನ ಪ್ರಾಣ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಪ್ರಶ್ನೆಗೆ 48 ಗಂಟೆಯೊಳಗೆ ಉತ್ತರ ಕೊಡಬೇಕು. ನನ್ನ ಮಗನ ಬಿಡುಗಡೆ ಎಂದು ಎಂಬುದು ಅಂಥ ಪ್ರಶ್ನೆಯೇ. ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿ, ಪೊಲೀಸ್ ವರಿಷ್ಠರು ಕೂತು ವಿಚಾರಣಾಧೀನರ ಪಟ್ಟಿ ಪರಿಶೀಲಿಸುವ ಸಮಿತಿ ಪ್ರತಿ ಜಿಲ್ಲೆಯಲ್ಲೂ ಇದೆ. ನಮ್ಮ ಶಾಖೆಗಳ ಸಂಗಾತಿಗಳು ತಮ್ಮ ಊರಿನಿಂದ ಯಾರು ಒಳಗಿದ್ದಾರೆ, ಹಿಡಿದ ದಿನ ಯಾವುದು, ಎಫ್.ಐ.ಆರ್.ನಲ್ಲಿರುವ ಕಲಮುಗಳು ಯಾವುವು, ತಂದೆಯ ಹೆಸರು ಎರಡೂ ಕಾಗದದಲ್ಲಿ ಒಂದೇ ಇದೆಯೇ ಎಂದು ಬರೆದು ಪಕ್ಷದ ಜಿಲ್ಲಾ ಕಚೇರಿಗೆ ಕಳುಹಿಸಲಿ. ಸಮಿತಿಯ ಮುಂದಿನ ಸಭೆಗೆ ಮುಂಚೆ ಆ ಪಟ್ಟಿಯನ್ನು ಪ್ರಾಧಿಕಾರದ ಕಾರ್ಯದರ್ಶಿಗೆ ಮುಟ್ಟಿಸುವ ಹೊಣೆ ನನ್ನದು.