ಮರುಭೂಮಿಯ ಬೆಂಕಿ, ನಮ್ಮ ಮನೆಯ ಸಿಲಿಂಡರ್

ಗಲ್ಫ್‌ನಿಂದ ರಜೆಗೆ ಬಂದವರು ಹೇಳುವ ಸುದ್ದಿಗಳಲ್ಲಿ ಒಂದು, ಎಣ್ಣೆ ಬಾವಿಗಳ ಹತ್ತಿರ ರಾತ್ರಿ ಹಗಲು ಉರಿಯುವ ಆ ಬೆಂಕಿಯ ಕಂಬ. ನಮ್ಮಲ್ಲಿ ತುಂಬಾ ಜನ ಅದನ್ನು ಗಲ್ಫಿನ ಸಿರಿವಂತಿಕೆಯ ಗುರುತು ಅಂತ ತಿಳಿದುಕೊಂಡಿದ್ದಾರೆ. ನಿಜಕ್ಕೂ ಅದು ನಷ್ಟದ ಗುರುತು.

ಎಣ್ಣೆ ಮೇಲೆ ಬರುವಾಗ ಜೊತೆಗೆ ಗ್ಯಾಸೂ ಬರುತ್ತದೆ. ಎಣ್ಣೆಯನ್ನಾದರೆ ಟ್ಯಾಂಕಿಗೆ ತುಂಬಿಸಿ ಹಡಗಿಗೆ ಹಾಕಿ ಮಾರಬಹುದು. ಗ್ಯಾಸಿಗೆ ಪೈಪ್‌ಲೈನ್ ಬೇಕು, ಕಂಪ್ರೆಸರ್ ಬೇಕು, ಶುದ್ಧ ಮಾಡುವ ಸ್ಥಾವರ ಬೇಕು. ಅಷ್ಟು ಖರ್ಚು ಯಾರು ಮಾಡುವುದು ಅಂತ ಸುಟ್ಟು ಬಿಡುತ್ತಾರೆ. ವಿಶ್ವಬ್ಯಾಂಕಿನ ಲೆಕ್ಕದಂತೆ 2024ರಲ್ಲಿ ಜಗತ್ತು ಹೀಗೆ ಸುಟ್ಟದ್ದು 151 ಶತಕೋಟಿ ಘನ ಮೀಟರ್. ನಮ್ಮ ಇಡೀ ಭಾರತ ಒಂದು ವರ್ಷಕ್ಕೆ ಬಳಸುವ ಗ್ಯಾಸಿನ ಸುಮಾರು ಎರಡು ಪಟ್ಟು! ಇರಾಕಿನ ಅವಸ್ಥೆ ನೋಡಿ. ಬಸ್ರಾದಲ್ಲಿ ತನ್ನದೇ ಗ್ಯಾಸ್ ಸುಡುತ್ತಾ, ಕರೆಂಟ್ ಮಾಡಲಿಕ್ಕೆ ಇರಾನ್‌ನಿಂದ ಗ್ಯಾಸ್ ಕೊಳ್ಳುತ್ತಾ ಬಂದಿದೆ. ಯುದ್ಧ, ದಿಗ್ಬಂಧನ ಎಲ್ಲ ಕಾರಣ ಉಂಟು, ಒಪ್ಪೋಣ. ಆದರೂ ಹೊಟ್ಟೆ ಉರಿಯುತ್ತದೆ.

ಸೌದಿ ಬೇರೆ ದಾರಿ ಹಿಡಿಯಿತು. ಅಲ್ಲೂ 1970ರ ದಶಕದವರೆಗೆ ಹೆಚ್ಚಿನ ಗ್ಯಾಸ್ ಸುಡುತ್ತಿದ್ದರು. 1975ರಲ್ಲಿ ಅದನ್ನೆಲ್ಲ ಹಿಡಿದು ಒಟ್ಟುಗೂಡಿಸುವ 'ಮಾಸ್ಟರ್ ಗ್ಯಾಸ್ ಸಿಸ್ಟಮ್' ಯೋಜನೆ ಶುರುವಾಯಿತು, 1980ರ ದಶಕದ ಆರಂಭದಲ್ಲಿ ಕೆಲಸಕ್ಕೆ ಬಂತು. ಜುಬೈಲ್, ಯಾಂಬುವಿನ ಕಾರ್ಖಾನೆಗಳು ನಿಂತಿರುವುದು ಆ ಗ್ಯಾಸಿನ ಮೇಲೆ. ನಮ್ಮ ಊರುಗಳ ಎಷ್ಟೋ ಮನೆಗಳಿಗೆ ಜುಬೈಲಿನ ದುಡಿಮೆಯ ಹಣವೇ ತಳಪಾಯ. ಸುಟ್ಟು ಹೋಗುತ್ತಿದ್ದುದನ್ನು ಹಿಡಿದ ಕಾರಣ ಆ ಕೆಲಸಗಳು ಹುಟ್ಟಿದವು. ಅಡುಗೆ ಸಿಲಿಂಡರಿನ ಪ್ರೊಪೇನ್, ಬ್ಯುಟೇನ್ ಕೂಡ ಇಂಥ ಗ್ಯಾಸಿನಿಂದಲೇ ಬೇರ್ಪಡಿಸುವುದು. ನಮ್ಮ ದೇಶದ ಎಲ್‌ಪಿಜಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ, ಅದರಲ್ಲೂ ಮುಖ್ಯವಾಗಿ ಗಲ್ಫಿನಿಂದ ಬರುತ್ತದೆ.

ಈಗ ಎರಡನೇ ಹಂತ. ಎಣ್ಣೆ ತೆಗೆಯಲಿಕ್ಕೇ ಬೇಕಾದಷ್ಟು ಶಕ್ತಿ ಖರ್ಚಾಗುತ್ತದೆ. ಬಾವಿಗೆ ನೀರು ಒತ್ತಬೇಕು, ಗ್ಯಾಸ್ ಒತ್ತಬೇಕು, ಎಣ್ಣೆ ಬಿಸಿ ಮಾಡಿ ಉಪ್ಪು ನೀರು ಬೇರ್ಪಡಿಸಬೇಕು. ಪಂಪನ್ನು ಪೂರ್ತಿ ವೇಗದಲ್ಲಿ ಓಡಿಸಿ ವಾಲ್ವ್ ತಿರುಗಿಸಿ ತಡೆಯುವುದು ಹಳೆಯ ಕ್ರಮ, ಆಕ್ಸಿಲರೇಟರ್ ಮತ್ತು ಬ್ರೇಕ್ ಒಟ್ಟಿಗೆ ಒತ್ತಿದ ಹಾಗೆ. ಸಮುದ್ರದ ಮಧ್ಯೆ ಇರುವ ಸಣ್ಣ ಗ್ಯಾಸ್ ಟರ್ಬೈನ್‌ಗಳು ಇಂಧನದ ಮೂರನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ತರುತ್ತವೆ, ಉಳಿದದ್ದು ಬಿಸಿಯಾಗಿ ಚಿಮಣಿಯಲ್ಲಿ ಹೋಯಿತು. ಆ ಬಿಸಿಯಲ್ಲೇ ಹಬೆ ಮಾಡಿ ಬಳಸಿದರೆ ಲಾಭ ದೊಡ್ಡದು. ಅಬುಧಾಬಿಯ ಅಡ್ನಾಕ್ ಇನ್ನೂ ಮುಂದೆ ಹೋಗಿದೆ. ದ್ವೀಪಗಳ ಟರ್ಬೈನ್ ಬದಲು ಸಮುದ್ರದಡಿ ಕೇಬಲ್ ಹಾಕಿ ದಡದ ಕರೆಂಟನ್ನೇ ದಾಸ್ ದ್ವೀಪದ ಕಡೆಗೆಲ್ಲ ಒಯ್ಯುವ 3.2 ಗಿಗಾವಾಟ್‌ನ ಯೋಜನೆಯನ್ನು 2021ರ ಡಿಸೆಂಬರ್‌ನಲ್ಲಿ ಪ್ರಕಟಿಸಿತು. ವೆಚ್ಚ ಸುಮಾರು 380 ಕೋಟಿ ಡಾಲರ್. ಸೌದಿಯೂ 2030ರೊಳಗೆ ಕರೆಂಟಿಗಾಗಿ ಎಣ್ಣೆ ಸುಡುವುದನ್ನು ದಿನಕ್ಕೆ ಸುಮಾರು 10 ಲಕ್ಷ ಬ್ಯಾರೆಲ್‌ನಷ್ಟು ತಗ್ಗಿಸುವ ಗುರಿ ಇಟ್ಟಿದೆ.

ಇದೆಲ್ಲ ಪರಿಸರದ ಮೇಲಿನ ಪ್ರೀತಿಗೆ ಮಾತ್ರ ಅಂತ ನಾವು ನಂಬಬೇಕಾಗಿಲ್ಲ. ಉಳಿಸಿದ ಎಣ್ಣೆ, ಗ್ಯಾಸ್ ಮಾರಲಿಕ್ಕೆ ಸಿಗುತ್ತದೆ, ಅಷ್ಟೇ.

ನಮಗೆ ಮುಖ್ಯ ಬೇರೆ ಮಾತು. ದ್ವೀಪದಲ್ಲಿ ಟರ್ಬೈನ್ ನಿಂತರೆ ಅದನ್ನು ನೋಡಿಕೊಳ್ಳುವ ಗ್ಯಾಂಗೂ ಸಣ್ಣದಾಗುತ್ತದೆ. ಕೇಬಲಿಗೆ ಅಷ್ಟು ಜನ ಬೇಡ. ಬೇಕಾಗುವುದು ಮೋಟಾರಿನ ವೇಗ ಹಿಡಿತದಲ್ಲಿಡುವ ಡ್ರೈವ್‌ಗಳನ್ನು ಬಲ್ಲವರು, ಇನ್‌ಸ್ಟ್ರುಮೆಂಟೇಶನ್ ಕಲಿತವರು, ಇನ್‌ಫ್ರಾರೆಡ್ ಕ್ಯಾಮರಾದಲ್ಲಿ ಗ್ಯಾಸ್ ಸೋರಿಕೆ ಹುಡುಕುವವರು. ಫಿಟ್ಟರ್, ಹೆಲ್ಪರ್ ವೀಸಾ ಅಂತ ಏಜೆಂಟ್ ಹೇಳಿದ ಕೂಡಲೇ ಪಾಸ್‌ಪೋರ್ಟ್ ಕೊಡುವ ಮೊದಲು, ಐಟಿಐ ಓದುವ ಹುಡುಗನಿಗೆ ಇನ್ನೊಂದು ವರ್ಷ ಫೀಸು ಕಟ್ಟಲು ಆಗುತ್ತದಾ ಅಂತ ಮನೆಯಲ್ಲಿ ಲೆಕ್ಕ ಹಾಕಬೇಕಾದ ಕಾಲ ಇದು.